ಎಲ್ಕ್ ಬಿದ್ದ ಮೇಲೆ ಹೊರೋರು ಯಾರು?

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆ. ಕೈಲ್ ಮುಹೂರ್ತಕ್ಕೆ ಕೋವಿ ಪೂಜೆ ನೋಡಿಕೊಂಡೇ ಬೆಳೆದೆ. ಶಿಕಾರಿ ಮಾತ್ರ ಅಜ್ಜನ ಬಾಯಲ್ಲಿ ಕೇಳಿದ್ದಷ್ಟೇ. ಎರಡು ವರ್ಷದಿಂದ ಡೆನ್ವರ್‌ನಲ್ಲಿ ಎಚ್‌1ಬಿ ವೀಸಾದಲ್ಲಿದ್ದೇನೆ. ಮುಂದಿನ ಅಕ್ಟೋಬರ್‌ನಲ್ಲಿ ಗೆಳೆಯನ ಜೊತೆ ಇಲ್ಲೇ ಕೊಲರಾಡೊದ ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್‌ಗೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುವ ಆಸೆ. ಗೈಡ್ ಇಲ್ಲ. ಎಲ್ಲಿಂದ ಶುರು ಮಾಡಲಿ?
— ಹೆಸರು ಬೇಡ, ಡೆನ್ವರ್

ಉತ್ತರ: ಕೋವಿ ಮುಟ್ಟುವ ಮುಂಚೆ ಕಾಗದ ನೋಡಿಕೊಳ್ಳಿ. ಎಚ್‌1ಬಿಯಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಊರಲ್ಲಿ ಕೊಡವರಿಗೆ ಕೋವಿ ವಿನಾಯಿತಿ ಇದೆಯೆಂಬ ಗುಂಗು ಇಲ್ಲಿ ನಡೆಯದು. ಆದರೆ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ನಿಮ್ಮ ಹೆಸರಲ್ಲಿದ್ದರೆ ಆ ನಿಷೇಧಕ್ಕೆ ವಿನಾಯಿತಿ ಉಂಟು. ಗೆಳೆಯನ ರೈಫಲ್ ಹಿಡಿದು ಶೂಟಿಂಗ್ ರೇಂಜ್‌ನಲ್ಲಿ ಅಭ್ಯಾಸ ಮಾಡುವುದೂ ಆ ಪರವಾನಗಿ ಕೈಗೆ ಬಂದ ಮೇಲೆಯೇ. ಒಮ್ಮೆ ವಲಸೆ ವಕೀಲರನ್ನು ಕೇಳಿಬಿಡಿ.

ಪರವಾನಗಿಗೆ ಮೊದಲು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ. 1949ರ ಜನವರಿ 1ರಿಂದೀಚೆಗೆ ಹುಟ್ಟಿದವರಿಗೆಲ್ಲ ಕೊಲರಾಡೊದಲ್ಲಿ ಅದು ಬೇಕೇಬೇಕು. ಪರವಾನಗಿ ಹಂಚುವ ಲಾಟರಿಗೆ ಅರ್ಜಿ ಹಾಕುವ ಗಡುವು ಏಪ್ರಿಲ್ ಶುರುವಿನಲ್ಲೇ ಮುಗಿಯುತ್ತದೆ; ತಪ್ಪಿದರೆ ಆಗಸ್ಟ್‌ನಲ್ಲಿ ಮಾರುವ ಉಳಿಕೆ ಪರವಾನಗಿಗೆ ಕಾಯಬೇಕು.

ಇನ್ನು ಬೆಟ್ಟ. ಎಲ್ಲರೂ ಕೇಳುವುದು ಎಲ್ಕ್ ಎಲ್ಲಿ ಸಿಗುತ್ತೆ ಅಂತ. ನಾನು ಕೇಳುವುದು, ಸಿಕ್ಕರೆ ತರುವುದು ಹೇಗೆ? ನಮ್ಮ ಕಡವೆಯ ದೂರದ ನೆಂಟ ಇದು, ಬಲಿತ ಗಂಡು ಸುಮಾರು 300 ಕೆ.ಜಿ. ಮೂಳೆ ಬಿಡಿಸಿದರೂ 100 ಕೆ.ಜಿ. ಹತ್ತಿರ ಮಾಂಸ. ತಲೆಗೆ 25 ಕೆ.ಜಿ.ಯಂತೆ ಇಬ್ಬರೂ ಎರಡೆರಡು ಸಲ ಹೊರಬೇಕು. ರಸ್ತೆಯಿಂದ 5 ಕಿ.ಮೀ. ಒಳಗೆ ಹೊಡೆದಿರೋ, ಗುಂಡು ಹಾರಿದ ಮೇಲೆ ತಲಾ 15 ಕಿ.ಮೀ. ನಡಿಗೆ, ಅದೂ ಹತ್ತು ಸಾವಿರ ಅಡಿ ಎತ್ತರದಲ್ಲಿ. ನನ್ನ ಮೊದಲ ಎಲ್ಕ್ ರಸ್ತೆಗಿಂತ ಕೆಳಗೆ, ಕೊರಕಲಿನಲ್ಲಿ ಬಿತ್ತು. ಕೊನೆಯ ತೊಡೆ ಮೇಲೆ ಬಂದಾಗ ಮರುದಿನ ನಡುರಾತ್ರಿ. ಹಾಗಾಗಿ ನಕಾಶೆಯಲ್ಲಿ ರಸ್ತೆಗಿಂತ ಮೇಲಿರುವ, ಎರಡು-ಮೂರು ಕಿ.ಮೀ. ಒಳಗಿನ ಇಳಿಜಾರು ಹುಡುಕಿ. ಖಾಸಗಿ ಜಮೀನಿನ ಗಡಿಯನ್ನೂ ಫೋನಿಗೆ ಇಳಿಸಿಕೊಳ್ಳಿ, ಮೇಲೆ ಸಿಗ್ನಲ್ ಇರಲ್ಲ.

ಹಿಮ ಬಿದ್ದಿದ್ದರೂ ಚರ್ಮ ತಡಮಾಡದೆ ಸುಲಿಯಿರಿ. ಆ ದಪ್ಪ ತುಪ್ಪಳ ಕಂಬಳಿಯಿದ್ದಂತೆ. ಮೊದಲು ಹಳಸುವುದು ಹಿಂದೊಡೆಯ ಕೀಲಿನ ಪಕ್ಕದ ಮಾಂಸ. ಹೊರಗೆ ತಣ್ಣಗಿರುತ್ತದೆ, ಬೆರಳು ತೂರಿಸಿದರೆ ಒಳಗೆ ಬೆಚ್ಚಗೆ. ಅಲ್ಲಿ ಮೂಳೆಯವರೆಗೆ ಸೀಳಿ, ಗಾಳಿಯಾಡುವ ಬಟ್ಟೆ ಚೀಲಕ್ಕೆ ಹಾಕಿ, ಟೆಂಟ್‌ನಿಂದ ದೂರದ ನೆರಳಿನ ಮರಕ್ಕೆ ತೂಗುಹಾಕಿ. ಕರಡಿಗೂ ಮೂಗಿದೆ. ಗಂಡೋ ಹೆಣ್ಣೋ ಎಂಬ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕೆಂಬ ನಿಯಮವಿದೆ, ಸುಲಿಯುವ ಭರದಲ್ಲಿ ಅದನ್ನು ಕತ್ತರಿಸಿ ಎಸೆಯಬೇಡಿ.

ರೈಫಲ್ ಸೀಸನ್‌ನಲ್ಲಿ ಸೊಂಟದ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ ಕಡ್ಡಾಯ, ಟೋಪಿಯೂ ಅದೇ ಬಣ್ಣ. ಎಲ್ಕ್‌ಗೆ ಆ ಬಣ್ಣ ಎದ್ದು ಕಾಣದು, ನಿಮ್ಮ ವಾಸನೆ ಮಾತ್ರ ಗೊತ್ತಾಗಿಬಿಡುತ್ತೆ. ಬಿಸಿಲೇರಿದಂತೆ ಗಾಳಿ ಬೆಟ್ಟ ಹತ್ತುತ್ತದೆ, ಸಂಜೆ ಇಳಿಯುತ್ತದೆ. ಅದಕ್ಕೆ ತಕ್ಕಂತೆ ಕೂರಿ. ಇಷ್ಟಾಗಿಯೂ ಹೆಚ್ಚಿನವರು ಖಾಲಿ ಕೈಯಲ್ಲೇ ಬರುತ್ತಾರೆ.

ಜುಲೈಯಿಂದ ವಾರಕ್ಕೆರಡು ಸಲ ಬೆನ್ನಿಗೆ 20 ಲೀಟರ್ ನೀರು ಹೊತ್ತು ಗುಡ್ಡ ಹತ್ತಿ. ತುದಿಯಲ್ಲಿ ಸುರಿದು ಇಳಿಯಿರಿ, ಮಂಡಿ ಅಕ್ಟೋಬರ್‌ವರೆಗೆ ಉಳಿದೀತು. ಗೆಳೆಯನನ್ನೂ ಜೊತೆಗೆ ಹತ್ತಿಸಿ. ಅವನು ನೆಪ ಹೇಳತೊಡಗಿದರೆ ಈಗಲೇ ಬೇರೆ ಜೋಡಿ ನೋಡಿ.