ಮನೆಯವರಿಗೆ ಗೊತ್ತಾಗದ ಹಾಗೆ ಎಚಿಂಗ್‌ನಲ್ಲಿ (ಲೋಹದ ತಗಡನ್ನು ಆಸಿಡ್‌ನಿಂದ ಕೊರೆದು ಅಚ್ಚು ತೆಗೆಯುವ ಕಲೆ) ಧಾರ್ಮಿಕ ಸಂಕೇತಗಳನ್ನು ಬಳಸುವುದು ಹೇಗೆ? ಹಾವು, ತಲೆಬುರುಡೆ ತುಂಬಿ ಕಥೆ ಮರೆಸಿದರೆ ಸಾಕೇ?

ಗೊತ್ತಾಗಲಿ ಬಿಡಿ. ನಾನು ಮುಚ್ಚಿಟ್ಟೇ ಕೆಟ್ಟವನು.

ನಮ್ಮದು ನಾಗಮಂಗಲ ಕಡೆಯ ಜೈನ ಮನೆ. ಕಂಬದಹಳ್ಳಿ ಬಸದಿಗೆ ಹೋಗಿಬಂದು, ಕತ್ತಲಾಗೋ ಮೊದಲೇ ಊಟ ಮುಗಿಸಿ ಬೆಳೆದವನು. ಮೈಸೂರಿಗೆ ಪ್ರಿಂಟ್‌ಮೇಕಿಂಗ್ ಕಲಿಯೋಕೆ ಬಂದಾಗ ಜೊತೆಯವರೆಲ್ಲ ಸ್ಪೇನಿನ ಕಲಾವಿದ ಗೋಯಾ 1799ರಲ್ಲಿ ಅಚ್ಚು ಹಾಕಿದ ಗೂಬೆ, ಬಾವಲಿಗಳ ಹಿಂದೆ ಬಿದ್ದಿದ್ದರು. ನನ್ನನ್ನು ಹೆದರಿಸಿದ್ದು ಅಜ್ಜಿ ಹೇಳಿದ್ದ ಹಿಟ್ಟಿನ ಕೋಳಿ. ಜನ್ನ 1209ರಲ್ಲಿ ಬರೆದ ಯಶೋಧರನ ಕಥೆ ಅದು: ಜೀವಬಲಿ ಒಲ್ಲೆ ಅಂದ ರಾಜ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿ ಕಡಿಯುತ್ತಾನೆ, ಅದು ಕೂಗಿಬಿಡುತ್ತದೆ. ಸಂಕಲ್ಪ ಹಿಂಸೆ, ಅಂದರೆ ಮನಸ್ಸಿನಲ್ಲೇ ಕೊಂದದ್ದು. ಅಷ್ಟಕ್ಕೇ ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಬೇಕಾಯಿತು.

ಸತುವಿನ ತಗಡಿನ ಮೇಲೆ ಅದನ್ನೇ ಮಾಡಿದೆ. ಕಡಿದ ಕತ್ತಿನಲ್ಲಿ ರಕ್ತವಿಲ್ಲ, ಬಿಳಿ ಹಿಟ್ಟು. ಸುತ್ತ ರಾಳದ ಪುಡಿ ಉದುರಿಸಿ ತೆಗೆದ ಅಕ್ವಾಟಿಂಟ್ ಕಪ್ಪು. ನೈಟ್ರಿಕ್ ಆಸಿಡ್‌ನಲ್ಲಿ ಏಳೋ ಗುಳ್ಳೆಗಳನ್ನು ಗರಿಯಿಂದ ಸವರುತ್ತಿರಬೇಕು. ಸ್ಟುಡಿಯೋದಲ್ಲಿದ್ದದ್ದು ಕೋಳಿಗರಿ. (ಇದೊಂದನ್ನು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.)

ತಗಡಿನ ಚಿತ್ರ ಕಾಗದದ ಮೇಲೆ ಎಡಬಲ ತಿರುಗಿ ಬೀಳುತ್ತೆ. ಮೊದಲ ವರ್ಷದವರಿಗೂ ಗೊತ್ತಿರೋ ವಿಷಯ, ನನಗೂ ಗೊತ್ತಿತ್ತು. ಚಿತ್ರದ ಕೆಳಗಿನ ಹಳಗನ್ನಡದ ಸಾಲನ್ನು ಟ್ರೇಸಿಂಗ್ ಪೇಪರ್ ಮಗುಚಿಟ್ಟು ಒಂದೊಂದೇ ಅಕ್ಷರ ಉಲ್ಟಾ ಬರೆದಿದ್ದೆ. ಅಕ್ಷರದ ಮೇಲಿದ್ದ ಗಮನ ಕೈ ಮೇಲಿರಲಿಲ್ಲ. ತಗಡಿನಲ್ಲಿ ರಾಜನ ಬಲಗೈಗೆ ಕತ್ತಿ ಕೊಟ್ಟಿದ್ದೆ. ಅಚ್ಚಿನಲ್ಲಿ ಅದು ಎಡಗೈಗೆ ಹೋಯಿತು. ಪ್ರೂಫ್ (ಪರೀಕ್ಷೆಯ ಅಚ್ಚು) ತೆಗೆದಾಗಲೂ ನೋಡಿದ್ದು ಕಪ್ಪು ಗಾಢವಾಗಿದೆಯಾ, ಸಾಲು ನೆಟ್ಟಗಿದೆಯಾ ಅಂತ ಮಾತ್ರ. ಮನೆಯವರಿಗೆ ತಿಳಿಯಬಾರದೆಂದು ಯಾರಿಗೂ ತೋರಿಸದೆ ಪೂರ್ತಿ ಎಡಿಷನ್ (ಒಂದೇ ತಗಡಿನ ಎಲ್ಲಾ ಪ್ರತಿಗಳು) ಅಚ್ಚು ಹಾಕಿಬಿಟ್ಟೆ. ಪ್ರದರ್ಶನದಲ್ಲಿ ಎಲ್ಲರ ಮಾತೂ ಎಡಗೈ ಬಗ್ಗೆಯೇ: ವಾಮಾಚಾರವಂತೆ, ಮಾಟವಂತೆ. ಹಿಟ್ಟಿನ ವಿಷಯ ಒಬ್ಬರೂ ಎತ್ತಲಿಲ್ಲ. ಕೊಳ್ಳುತ್ತೇನೆ ಅಂದಿದ್ದವರೂ ಜಾರಿಕೊಂಡರು. ತಗಡು ಕೆರೆಯೋ ಸ್ಕ್ರೇಪರ್, ನುಣುಪು ಮಾಡೋ ಬರ್ನಿಷರ್ ಹಿಡಿದು ಗೆರೆ ಉಜ್ಜಬಹುದು ನಿಜ, ಆದರೆ ಅಷ್ಟು ಆಸಿಡ್ ತಿಂದ ಕಪ್ಪಿನ ನಡುವೆ ಕೈ ಬದಲಿಸೋ ಬದಲು ಹೊಸ ತಗಡೇ ವಾಸಿ.

ಆಮೇಲೆ ಅಮ್ಮ ನೋಡಿದಳು. ನಾನು ಹೆದರಿದ್ದ ಹಾಗೆ ನೊಂದುಕೊಳ್ಳಲಿಲ್ಲ. "ರಾಜ ಎಡಚನಾ?" ಅಂದಳು. ಇನ್ನೊಂದು ಪ್ರಶ್ನೆ: "ಚಂದ್ರಮತಿ ಎಲ್ಲಿ? ಹಿಟ್ಟಿನ ಉಪಾಯ ಅವಳದಲ್ವಾ?"

ನನ್ನ ಗುರುಗಳೂ ಕೇಳದಿದ್ದ ಪ್ರಶ್ನೆ ಅದು.

ನೀವು ಬರೆದಂತೆ ಹಾವು, ತಲೆಬುರುಡೆ ತುಂಬಿ ಕಥೆ ಮರೆಸಿದರೆ ಮೋಸ ಹೋಗೋರು ಕಥೆ ಗೊತ್ತಿಲ್ಲದವರು. ಮನೆಯವರಿಗೆ ಅದು ಬಾಯಿಪಾಠ. ಮೊದಲ ಪ್ರೂಫ್ ಒಣಗಿದ ಮೇಲೆ ಊರಿಗೆ ಒಯ್ಯಿರಿ, ಎಡಿಷನ್ ಆಮೇಲೆ. ವಿವರಣೆಯ ಚೀಟಿ ಮಾತ್ರ ಅಂಟಿಸಬೇಡಿ.