ಮದ್ದೂರಿನ ಮಿತ್ರರ ಬಕ್ ಕನ್ವರ್ಟರ್ ಪ್ರಶ್ನೆಗೆ ಉತ್ತರ: ಕಾಯಿಲ್ ಸ್ಯಾಚುರೇಟ್ ಆಗುತ್ತಿದೆ

ಮದ್ದೂರಿನ ಮಿತ್ರರು ತೋಟದ ಸೋಲಾರ್‌ನ 24 ವೋಲ್ಟ್ ಬ್ಯಾಟರಿಯಿಂದ ಎಲ್‌ಎಂ2596 ಐಸಿಯ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಸರ್ಕ್ಯೂಟ್) ಮಾಡ್ಯೂಲ್ ಮೂಲಕ 12 ವೋಲ್ಟ್ ಪಡೆದು, ಔಷಧಿ ಸಿಂಪಡಿಸುವ ಪಂಪ್ ಮತ್ತು ಜಿಎಸ್‌ಎಂ (ಮೊಬೈಲ್ ಸಂಪರ್ಕದ) ಬೋರ್ಡ್ ಎರಡನ್ನೂ ನಡೆಸುತ್ತಿದ್ದಾರೆ. ಒಟ್ಟು ಲೋಡ್ 2.2 ಆಂಪಿಯರ್, ಕಾಯಿಲ್‌ನ ಇಂಡಕ್ಟನ್ಸ್ (ಕರೆಂಟಿನ ಏರಿಳಿತವನ್ನು ತಡೆಯುವ ಗುಣ) 33 ಮೈಕ್ರೋಹೆನ್ರಿ, ಅದರ ಸ್ಯಾಚುರೇಶನ್ ಮಿತಿ, ಅಂದರೆ ಒಳಗಿನ ಕೋರ್ ಕಾಂತೀಯವಾಗಿ ತುಂಬಿಹೋಗುವ ಕರೆಂಟ್, 3 ಆಂಪಿಯರ್. ಮಧ್ಯಾಹ್ನದ ಹೊತ್ತಿಗೆ ಐಸಿ ಸುಡುತ್ತಿದೆ. ಅದೇ ಕೋರ್ ಮೇಲೆ 20 ಸುತ್ತುಗಳನ್ನು 28ಕ್ಕೆ ಏರಿಸಿದ ಮೇಲೆ ಇನ್ನೂ ಬೇಗ ಸುಟ್ಟಿದೆಯಂತೆ. ದೊಡ್ಡ ಐಸಿ ಹಾಕಲೇ ಎಂದು ಕೇಳಿದ್ದಾರೆ. ಸದ್ಯಕ್ಕೆ ಬೇಡ, ಮೊದಲು ಕಾಯಿಲನ್ನು ಸರಿಪಡಿಸಿಕೊಳ್ಳಿ.

ಕೆರೆ ತುಂಬುವವರೆಗೆ ಬಂದ ನೀರನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ, ತುಂಬಿದ ಮೇಲೆ ಬಂದದ್ದೆಲ್ಲ ಕೋಡಿ ಹರಿಯುತ್ತದೆ. ಕಾಯಿಲ್‌ನ ತಂತಿ ಸುತ್ತಿರುವ ಫೆರೈಟ್ ಕೋರ್ ಕೂಡ ಹಾಗೆಯೇ. ಅದರ ಕಾಂತೀಯ ಸಾಮರ್ಥ್ಯ ತುಂಬಿದ ಕ್ಷಣದಿಂದ ಕಾಯಿಲ್ ಬರಿಯ ತಾಮ್ರದ ತಂತಿಯಂತೆ ವರ್ತಿಸತೊಡಗುತ್ತದೆ ಮತ್ತು ಕರೆಂಟ್‌ಗೆ ತಡೆಯೇ ಇರುವುದಿಲ್ಲ. ಬ್ಯಾಟರಿ ಚಾರ್ಜ್ ಆಗುವಾಗ ಅದರ ವೋಲ್ಟೇಜ್ 28.8ರವರೆಗೆ ಏರುತ್ತದೆ, ಆಗ ಔಟ್‌ಪುಟ್‌ನ 12 ಕಳೆದು ಕಾಯಿಲ್ ಮೇಲೆ ಬೀಳುವುದು 16.8 ವೋಲ್ಟ್. 33 ಮೈಕ್ರೋಹೆನ್ರಿ ಇರುವಷ್ಟು ಹೊತ್ತು ಕರೆಂಟ್ ಪ್ರತಿ ಮೈಕ್ರೋಸೆಕೆಂಡಿಗೆ ಸುಮಾರು ಅರ್ಧ ಆಂಪಿಯರ್ ಏರುತ್ತದೆ. ಇಂಡಕ್ಟನ್ಸ್ 3 ಮೈಕ್ರೋಹೆನ್ರಿಗೆ ಕುಸಿದರೆ ಅದೇ ಏರಿಕೆ 5.6 ಆಂಪಿಯರ್ ಆಗುತ್ತದೆ. ಐಸಿಯ ಒಳಗಿನ ಕರೆಂಟ್ ಲಿಮಿಟ್ ಎಚ್ಚೆತ್ತು ಸ್ವಿಚ್ಚನ್ನು ಆರಿಸುವಷ್ಟರಲ್ಲಿ ಕರೆಂಟ್ ಮಿತಿಯನ್ನು ದಾಟಿ ಬಹಳ ಮುಂದೆ ಹೋಗಿರುತ್ತದೆ.

ಸುತ್ತು ಹೆಚ್ಚಿಸಿದ್ದು ತಪ್ಪಾಯಿತು. ಈ ತಪ್ಪನ್ನು ನಾವೆಲ್ಲರೂ ಒಮ್ಮೆಯಾದರೂ ಮಾಡಿದವರೇ, ಬೇಸರ ಬೇಡ. ಇಂಡಕ್ಟನ್ಸ್ ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು 65 ಮೈಕ್ರೋಹೆನ್ರಿಯ ಆಸುಪಾಸಿಗೆ ಬಂದಿದೆ ನಿಜ, ಆದರೆ ಕೋರ್ ತುಂಬುವುದು ಆಂಪಿಯರ್ ಮತ್ತು ಸುತ್ತುಗಳ ಗುಣಲಬ್ಧದಿಂದ. 20 ಸುತ್ತಿಗೆ 3 ಆಂಪಿಯರ್ ಎಂದರೆ 60. ಅದೇ 60ನ್ನು 28ರಿಂದ ಭಾಗಿಸಿದರೆ ಉಳಿಯುವುದು ಸುಮಾರು 2.1 ಆಂಪಿಯರ್. ನಿಮ್ಮ ಲೋಡೇ 2.2 ಇದೆ. ಹಾಗೆಯೇ ಎರಡು ಕಾಯಿಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೂ ಎರಡರಲ್ಲೂ ಅಷ್ಟೇ ಕರೆಂಟ್ ಹರಿಯುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. 68 ಮೈಕ್ರೋಹೆನ್ರಿಯ ಒಂದೇ ಬಗೆಯ ಎರಡನ್ನು ಸಮಾಂತರವಾಗಿ ಹಾಕಿದರೆ ಮಾತ್ರ ಹೊರೆ ಹಂಚಿಹೋಗುತ್ತದೆ.

ಕಾಯಿಲ್ ಆರಿಸುವಾಗ ಲೋಡ್ ಕರೆಂಟನ್ನು ಮಾತ್ರ ನೋಡಬಾರದು. ಪಂಪ್ ಮೋಟಾರ್ ಹೊರಡುವಾಗ ತನ್ನ ರೇಟಿಂಗ್‌ನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಆ ಕ್ಷಣದಲ್ಲಿ ಕಾಯಿಲ್‌ನಲ್ಲಿ ಹರಿಯುವುದು ಐಸಿ ಬಿಟ್ಟಷ್ಟೂ ಕರೆಂಟ್. ಎಲ್‌ಎಂ2596ರ ಕರೆಂಟ್ ಲಿಮಿಟ್ ಸಾಮಾನ್ಯವಾಗಿ 4.5 ಆಂಪಿಯರ್ ಆದರೂ ಡೇಟಾಶೀಟ್ ಪ್ರಕಾರ ಒಂದೊಂದು ಐಸಿಯಲ್ಲಿ 6.9ರವರೆಗೂ ಇರಬಹುದು. ಆದ್ದರಿಂದ 7 ಆಂಪಿಯರ್ ಸ್ಯಾಚುರೇಶನ್ ರೇಟಿಂಗ್ ಇರುವ 33 ಅಥವಾ 47 ಮೈಕ್ರೋಹೆನ್ರಿಯ ಕಾಯಿಲ್ ತನ್ನಿ. ಆ ರೇಟಿಂಗನ್ನು ಕೆಲವು ತಯಾರಕರು ಇಂಡಕ್ಟನ್ಸ್ ಶೇ. 10 ಕುಸಿದಾಗ, ಇನ್ನು ಕೆಲವರು ಶೇ. 30 ಕುಸಿದಾಗ ಎಂದು ಹೇಳುತ್ತಾರೆ. ಅಡಿಟಿಪ್ಪಣಿ ಓದದೆ ಎರಡು ಕಾಯಿಲ್‌ಗಳನ್ನು ಹೋಲಿಸಬೇಡಿ.

ಬಿಸಿಲಿನ ಲೆಕ್ಕವೂ ಇದೆ. ಪವರ್ ಫೆರೈಟ್ 25 ಡಿಗ್ರಿಯಲ್ಲಿ ತುಂಬುವ ಮುನ್ನ ಸುಮಾರು 0.5 ಟೆಸ್ಲಾ (ಕಾಂತಕ್ಷೇತ್ರದ ಅಳತೆ) ತಾಳಿದರೆ 100 ಡಿಗ್ರಿಯಲ್ಲಿ 0.4ರ ಹತ್ತಿರಕ್ಕೆ ಇಳಿಯುತ್ತದೆ. ಮಂಡ್ಯದ ಬಳಿಯ ಒಂದು ಆಲೆಮನೆಗೆ ನಾನೇ ಮಾಡಿಕೊಟ್ಟ ಸಪ್ಲೈ ಮನೆಯ ಮೇಜಿನ ಮೇಲೆ ಎರಡು ದಿನ ಸುಮ್ಮನೆ ಓಡಿ, ಅಲ್ಲಿನ ತಗಡಿನ ಚಾವಣಿಯ ಕೆಳಗೆ ಒಂದೇ ಮಧ್ಯಾಹ್ನಕ್ಕೆ ಹೋಯಿತು.

ಇನ್ನೊಂದು ಸಂಶಯ. ಎಲ್‌ಎಂ2596 ಎಂದು ಮುದ್ರಿಸಿ ಮಾರುವ ಅಗ್ಗದ ಐಸಿಗಳಲ್ಲಿ ಕೆಲವು 150ರ ಬದಲು 50 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಓಡುತ್ತವೆ. ಹಾಗಾದರೆ 28.8 ವೋಲ್ಟ್‌ನಲ್ಲಿ 1.4 ಆಂಪಿಯರ್ ಇರಬೇಕಾದ ರಿಪಲ್ (ಕಾಯಿಲ್ ಕರೆಂಟಿನ ಏರಿಳಿತ) 4.2 ಆಗಿ, 2.2 ಆಂಪಿಯರ್ ಲೋಡ್‌ನಲ್ಲಿಯೇ ತುದಿಯ ಕರೆಂಟ್ 4.3 ತಲುಪುತ್ತದೆ. ನಿಮ್ಮ ಮಲ್ಟಿಮೀಟರ್‌ನ ಫ್ರೀಕ್ವೆನ್ಸಿ ಅಳತೆ ಅಷ್ಟು ದೂರ ಹೋಗುವುದಾದರೆ ಐಸಿಯ ಔಟ್‌ಪುಟ್ ಪಿನ್ನಿನಲ್ಲಿ, ಅಂದರೆ ಕಾಯಿಲ್ ಸೇರುವ ಪಿನ್ನಿನಲ್ಲಿ, ಅಳೆದು ನೋಡಿ.

ಕರೆಂಟಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಸಿಕ್ಕಿದರೆ ಅನುಮಾನವೇ ಉಳಿಯುವುದಿಲ್ಲ. ಕಾಯಿಲ್ ಮತ್ತು ಔಟ್‌ಪುಟ್ ಕೆಪಾಸಿಟರ್ ನಡುವೆ 0.1 ಓಮ್ ರೆಸಿಸ್ಟರ್ ಸೇರಿಸಿದರೆ ಪ್ರತಿ ಆಂಪಿಯರ್‌ಗೆ 100 ಮಿಲಿವೋಲ್ಟ್ ಕಾಣುತ್ತದೆ. ಪ್ರೋಬಿನ ಗ್ರೌಂಡ್ ಕ್ಲಿಪ್ ಆಗ 12 ವೋಲ್ಟ್ ತಂತಿಗೆ ಬೀಳುವುದರಿಂದ ಬ್ಯಾಟರಿಗೆ ಅರ್ಥಿಂಗ್ ಇರಬಾರದು ಮತ್ತು ಚಾರ್ಜರನ್ನು ಬಿಡಿಸಿರಬೇಕು. ಲೋಡ್ ಆಗಿ ವಾಹನದ 21 ವ್ಯಾಟ್ ಮತ್ತು 5 ವ್ಯಾಟ್ ಬಲ್ಬ್‌ಗಳೆರಡನ್ನೂ ಹಚ್ಚಿದರೆ ಸರಿಯಾಗಿ 2.2 ಆಂಪಿಯರ್ ಆಗುತ್ತದೆ. ನೇರ ಅಂಚಿನ ತ್ರಿಕೋನ ಕಂಡರೆ ಕಾಯಿಲ್ ಕ್ಷೇಮ. ಏರುವ ಅಂಚು ಕೊನೆಯಲ್ಲಿ ಮುಳ್ಳಿನಂತೆ ಮೇಲಕ್ಕೆ ಬಾಗಿದ್ದರೆ ಕೋರ್ ತುಂಬುತ್ತಿದೆ. ಹೇರ್ ಡ್ರೈಯರ್‌ನಿಂದ ಕಾಯಿಲನ್ನು ಬಿಸಿ ಮಾಡಿ ಮತ್ತೊಮ್ಮೆ ನೋಡಿ.

ನನ್ನ ತೋಟವಾಗಿದ್ದರೆ 24 ವೋಲ್ಟ್‌ನ ಪಂಪನ್ನೇ ತಂದು ಫ್ಯೂಸ್ ಹಾಕಿ ನೇರವಾಗಿ ಬ್ಯಾಟರಿಗೆ ಕೊಟ್ಟು, ಕನ್ವರ್ಟರ್‌ಗೆ ಜಿಎಸ್‌ಎಂ ಬೋರ್ಡ್ ಒಂದನ್ನೇ ಬಿಡುತ್ತಿದ್ದೆ. ಇರುವ ಪಂಪನ್ನೇ ಉಳಿಸಿಕೊಳ್ಳುವುದಾದರೆ ಫ್ರೀಕ್ವೆನ್ಸಿ ಅಳೆದು ಇಲ್ಲಿ ತಿಳಿಸಿ, ಅದರ ಪ್ರಕಾರ ಕಾಯಿಲ್‌ನ ಲೆಕ್ಕ ಮಾಡಿಕೊಡುತ್ತೇನೆ.