ಬಿಕಾಂ ಜೊತೆ ಇತಿಹಾಸ ಓದಬಹುದಾ? ನಾನು ಓದಿದ್ದು ಹೀಗೆ

"ಕೋಲಾರದಲ್ಲಿ ಬಿಕಾಂ ಸೇರಿದ್ದೇನೆ, ಇತಿಹಾಸನೂ ಓದಬೇಕು ಅಂತ ಆಸೆ, ಎರಡೂ ಆಗುತ್ತಾ, ಇಲ್ಲ ಮನೆಯವರು ಹೇಳೋ ಹಾಗೆ ಸುಮ್ನೆ ದುಡ್ಡು ದಂಡಾನಾ" ಅಂತ ಕೇಳಿದ್ದೀರಿ. ಎರಡೂ ಆಗುತ್ತದೆ. ನಾನೂ ಕೋಲಾರದಲ್ಲೇ ಬಿಕಾಂ ಮಾಡಿದೆ, ಜೊತೆಗೆ ದೂರಶಿಕ್ಷಣದಲ್ಲಿ ಇತಿಹಾಸ ಇಟ್ಟುಕೊಂಡು ಬಿಎ ಮಾಡಿದೆ. ದಂಡ ಅಂತ ಒಂದು ದಿನವೂ ಅನಿಸಿಲ್ಲ.

ಮೊದಲು ನಿಯಮ. 2022ರಿಂದ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಒಟ್ಟಿಗೆ ಎರಡು ಡಿಗ್ರಿ ಓದಲು ಬಿಟ್ಟಿದೆ. ಒಂದು ರೆಗ್ಯುಲರ್, ಇನ್ನೊಂದು ದೂರಶಿಕ್ಷಣ ಅಥವಾ ಆನ್‌ಲೈನ್ ಆಗಬಹುದು. ಎರಡೂ ರೆಗ್ಯುಲರ್ ಆದರೆ ತರಗತಿಯ ವೇಳೆ ಒಂದರ ಮೇಲೊಂದು ಬೀಳಬಾರದು. ದೂರಶಿಕ್ಷಣದ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ಫೀಸು ಕಟ್ಟುವ ಮುಂಚೆಯೇ ನೋಡಿ, ನಿಮ್ಮ ಕಾಲೇಜಿನಲ್ಲೂ ಒಂದು ಮಾತು ಕೇಳಿ. ಬಿಕಾಂ ಒಳಗೇ ಇತಿಹಾಸವನ್ನು ಓಪನ್ ಎಲೆಕ್ಟಿವ್ ಆಗಿ, ಅಂದರೆ ಬೇರೆ ವಿಭಾಗದಿಂದ ಇಷ್ಟಪಟ್ಟು ಆರಿಸಿಕೊಳ್ಳುವ ವಿಷಯವಾಗಿ ತಗೊಂಡೆವು ಅಂತ ಸೀನಿಯರ್‌ಗಳು ಹೇಳಬಹುದು. ಅದು 2021ರಲ್ಲಿ ರಾಜ್ಯದಲ್ಲಿ ಬಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪದ್ಧತಿ. 2024ರಲ್ಲಿ ರಾಜ್ಯ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು, ಹಾಗಾಗಿ ನಿಮ್ಮ ಬ್ಯಾಚಿನ ಸಿಲಬಸ್ಸನ್ನೇ ತೆಗೆದು ನೋಡಿ.

ಇನ್ನು ಯಾಕೆ ಓದಬೇಕು ಅನ್ನುವುದು. ಅಕೌಂಟೆನ್ಸಿಯಲ್ಲಿ ಡಿಪ್ಲೀಷನ್ ಪದ್ಧತಿ ಅಂತ ಬರುತ್ತದೆ, ಗಣಿ, ಕ್ವಾರಿಗಳಿಗೆ. ಅಗೆದು ತೆಗೆದಷ್ಟು ಅದಿರಿಗೆ ತಕ್ಕ ಹಾಗೆ ಗಣಿಯ ಬೆಲೆಯನ್ನು ವರ್ಷ ವರ್ಷ ಇಳಿಸುತ್ತಾ ಹೋಗುವುದು. ಸುಲಭದ ಲೆಕ್ಕ, ಮಾರ್ಕ್ಸ್ ಬರುತ್ತದೆ. ಅದೇ ವರ್ಷ ಇತಿಹಾಸಕ್ಕೆ ಕೆಜಿಎಫ್ ಬಗ್ಗೆ ಬರೆಯಬೇಕಾಯಿತು. ಇಲ್ಲಿಂದ ಸುಮಾರು 30 ಕಿಲೋಮೀಟರ್, ಆದರೂ ನಾನು ಅಲ್ಲಿವರೆಗೆ ಸರಿಯಾಗಿ ನೋಡಿರಲಿಲ್ಲ. 1880ರಲ್ಲಿ ಚಿನ್ನ ತೆಗೆಯಲು ಬ್ರಿಟಿಷರ ಜಾನ್ ಟೇಲರ್ ಕಂಪನಿ ಬಂತು, 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟ್ ಬಂತು, 3 ಕಿಲೋಮೀಟರ್‌ಗಿಂತ ಆಳಕ್ಕೆ ಅಗೆದರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅದಿರು ಅರೆದು ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಇವತ್ತಿಗೂ ಗುಡ್ಡಗಳಾಗಿ ನಿಂತಿದೆ, ಗಾಳಿ ಎದ್ದರೆ ಧೂಳು ಮನೆಯೊಳಗೆ. ಗಣಿ ಕೆಲಸದವರ ಮಕ್ಕಳು ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ನಮ್ಮ ಪುಸ್ತಕದಲ್ಲಿ ಗಣಿಯ ಬೆಲೆ ಸೊನ್ನೆಗೆ ಬಂದರೆ ಲೆಕ್ಕ ಮುಗಿಯಿತು. ಆ ಗುಡ್ಡ, ಆ ರೈಲು ಯಾವ ಕಾಲಂನಲ್ಲಿ ಬರಬೇಕು? ಬಿಕಾಂ ಒಂದನ್ನೇ ಓದಿದ್ದರೆ ಈ ಪ್ರಶ್ನೆ ನನಗೆ ಹುಟ್ಟುತ್ತಲೇ ಇರಲಿಲ್ಲ.

ಈಗ ಟೊಮೆಟೊ ಬೆಳೆಗಾರರ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಲೆಕ್ಕ ನೋಡುತ್ತೇನೆ. ಟ್ಯಾಲಿ, ಜಿಎಸ್‌ಟಿ ಎಲ್ಲ ಬಿಕಾಂನಿಂದ ಬಂತು. ಆದರೆ ಸಭೆಯಲ್ಲಿ ಒಬ್ಬ ಅಜ್ಜ ಎದ್ದು ನಿಂತು "ಹೋದ ತಿಂಗಳು 15 ಕೆಜಿ ಬಾಕ್ಸಿಗೆ ಅಷ್ಟು ಸಿಕ್ಕಿತ್ತಲ್ಲಮ್ಮ, ಈಗ್ಯಾಕೆ ಇಷ್ಟೇ" ಅಂತ ಕೇಳಿದರೆ ಬ್ಯಾಲೆನ್ಸ್ ಶೀಟ್ ತೋರಿಸಿದರೆ ಸಾಕಾಗುವುದಿಲ್ಲ ಅಲ್ವಾ. ಏನಾಯಿತು, ಯಾಕಾಯಿತು, ಕಾಗದದಲ್ಲಿ ಏನಿದೆ, ಮಂಡಿಯವರು ಏನು ಹೇಳಿದರು, ಎಲ್ಲ ಹೊಂದಿಸಿ ಎರಡು ಪುಟ ಬರೆದು ಓದಿ ಹೇಳುತ್ತೇನೆ. ಹಾಗೆ ಬರೆಯಲು ಕಲಿಸಿದ್ದು ಇತಿಹಾಸದ ಅಸೈನ್‌ಮೆಂಟ್‌ಗಳು.

ಕಷ್ಟ ಇದೆ. ಕಾಸ್ಟ್ ಅಕೌಂಟಿಂಗ್ ಪರೀಕ್ಷೆ, ಇತಿಹಾಸದ ಪೇಪರ್ ಒಂದೇ ದಿನ ಬಿದ್ದು ನಾನು ಇತಿಹಾಸ ಬಿಡಬೇಕಾಯಿತು, ಮುಂದಿನ ಸಲ ಬರೆದೆ. ಅದಕ್ಕೇ ಮೊದಲ ವರ್ಷ ಬಿಕಾಂ ಒಂದೇ ಓದಿ, ಬಿಕಾಂ ಎರಡನೇ ವರ್ಷಕ್ಕೆ ಬಂದ ಮೇಲೆ ಬಿಎಗೆ ಸೇರಿ. ಸಿಎ ಮಾಡುವ ಯೋಚನೆ ಇದ್ದರೆ ಮಾತ್ರ ಇನ್ನೊಂದು ಡಿಗ್ರಿ ಬೇಡ, ತುಂಬಾ ಜಾಸ್ತಿ ಆಗುತ್ತದೆ. ಲೈಬ್ರರಿಯಿಂದ ಪುಸ್ತಕ ತಂದು ಓದಿಕೊಳ್ಳಿ.

ಅರ್ಜಿ ಹಾಕುವ ಮುಂಚೆ ಒಂದು ದಿನ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್ ನೋಡಿ ಬನ್ನಿ. ಬರುವಾಗ ತಲೆಯಲ್ಲಿ ಪ್ರಶ್ನೆಗಳಿದ್ದರೆ ಬರೆದಿಟ್ಟುಕೊಳ್ಳಿ, ನನಗೂ ಕಳಿಸಿ.